ಮಗನ ಬೈಕನ್ನು ಪೊಲೀಸರು ಒಯ್ದಿದ್ದಾರೆ, ವಾಪಸ್ ಸಿಗುತ್ತದೆಯೇ?

ಓದುಗರ ಪ್ರಶ್ನೆಗೆ ಕಾನೂನು ತಜ್ಞರ ಉತ್ತರ

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರು. ಹದಿನೈದು ವರ್ಷದ ಮಗ ಹಟ ಹಿಡಿದನೆಂದು ಆನ್‌ಲೈನ್‌ನಲ್ಲಿ ಎಲೆಕ್ಟ್ರಿಕ್ ಆಫ್‌ರೋಡ್ ಬೈಕು ಕೊಡಿಸಿದೆವು. ಇದಕ್ಕೆ ಲೈಸೆನ್ಸ್ ಬೇಕಿಲ್ಲ ಎಂದು ಅಂಗಡಿಯವರು ಬರೆದುಕೊಂಡಿದ್ದರು. ಮನೆ ಹತ್ತಿರದ ಪಾರ್ಕಿನಲ್ಲಿ ಓಡಿಸುತ್ತಿದ್ದಾಗ ಪೊಲೀಸರು ಹಿಡಿದು ಬೈಕನ್ನು ಒಯ್ದರು. ಎರಡು ವಾರದೊಳಗೆ ಬಿಡಿಸಿಕೊಳ್ಳದಿದ್ದರೆ ಯಂತ್ರಕ್ಕೆ ಹಾಕಿ ಜಜ್ಜಿಬಿಡುತ್ತಾರಂತೆ. ಏನು ಮಾಡಬೇಕು?

ಉತ್ತರ: ಮೊದಲು ಪೊಲೀಸರು ಕೊಟ್ಟ ಜಪ್ತಿ ನೋಟಿಸನ್ನು ತೆಗೆದು, ಅದರಲ್ಲಿ ಯಾವ ಸೆಕ್ಷನ್ ನಮೂದಾಗಿದೆ ಎಂದು ನೋಡಿ. ಬೈಕು ವಾಪಸ್ ಬರುವುದೂ ಬಾರದಿರುವುದೂ ಬಹುಪಾಲು ಆ ಒಂದು ಸಾಲಿನ ಮೇಲೆ ನಿಂತಿದೆ.

2002ರ ಪೊಲೀಸ್ ರಿಫಾರ್ಮ್ ಆ್ಯಕ್ಟ್‌ನ ಸೆಕ್ಷನ್ 59 ಎಂದಿದ್ದರೆ, ಪಾರ್ಕು, ಬಯಲು, ಕಾಲುದಾರಿಯಂಥ ಕಡೆ ಅನುಮತಿಯಿಲ್ಲದೆ ಅಥವಾ ಅಜಾಗರೂಕತೆಯಿಂದ ವಾಹನ ಓಡಿಸಿ ಜನರಿಗೆ ಭಯ, ಕಿರಿಕಿರಿ ಉಂಟುಮಾಡಿದ್ದಕ್ಕೆ ಆದ ಜಪ್ತಿ. ಇದರಲ್ಲಿ ನೀವೇ ಮಾಲೀಕರು ಎಂಬುದನ್ನು ರಸೀದಿ ತೋರಿಸಿ ಸಾಬೀತುಪಡಿಸಿ, ಶುಲ್ಕ ಕಟ್ಟಿದರೆ ಬೈಕು ಸಿಗುತ್ತದೆ. ಸಾಗಿಸಿದ ಶುಲ್ಕ 2023ರಿಂದ ಸಾಮಾನ್ಯವಾಗಿ 192 ಪೌಂಡ್‌ನಿಂದ ಶುರುವಾಗುತ್ತದೆ. ಇರಿಸಿಕೊಂಡದ್ದಕ್ಕೆ ದಿನದ ಬಾಡಿಗೆ ಬೇರೆ. ಆದ್ದರಿಂದ ಯೋಚನೆಯಲ್ಲಿ ದಿನ ಕಳೆಯಬೇಡಿ.

1988ರ ರೋಡ್ ಟ್ರಾಫಿಕ್ ಆ್ಯಕ್ಟ್‌ನ ಸೆಕ್ಷನ್ 165ಎ ಎಂದಿದ್ದರೆ ಕಷ್ಟ. ಅದು ಲೈಸೆನ್ಸ್ ಅಥವಾ ವಿಮೆ ಇಲ್ಲದ್ದಕ್ಕೆ ಆದ ಜಪ್ತಿ. ಬಿಡಿಸಿಕೊಳ್ಳಲು ಹಣದ ಜೊತೆಗೆ ಚಾಲ್ತಿಯಲ್ಲಿರುವ ವಿಮೆ ಮತ್ತು ಲೈಸೆನ್ಸ್ ತೋರಿಸಬೇಕು. ನಂಬರ್ ಪ್ಲೇಟ್ ಇಲ್ಲದ, ನೋಂದಣಿಯೇ ಆಗದ ಬೈಕಿಗೆ ರಸ್ತೆ ವಿಮೆ ಕೊಡುವ ಕಂಪನಿಯನ್ನು ಹುಡುಕುವುದೇ ದುಸ್ತರ. ಇಂಥ ಬೈಕುಗಳು ಇಷ್ಟೊಂದು ಸಂಖ್ಯೆಯಲ್ಲಿ ಗುಜರಿ ಸೇರುವುದು ಇದರಿಂದಲೇ. ಪೊಲೀಸರ ಕಾಠಿಣ್ಯಕ್ಕಿಂತ ಹೆಚ್ಚಾಗಿ, ತೋರಿಸಲು ಬೇಕಾದ ಕಾಗದಪತ್ರ ಆ ಬೈಕಿಗೆ ಮೊದಲಿನಿಂದಲೂ ಇರುವುದೇ ಇಲ್ಲ.

ಜಪ್ತಿಯಾದ ಮೇಲೆ 14 ದಿನ ಕಳೆಯುವ ತನಕ ಪೊಲೀಸರು ವಾಹನವನ್ನು ವಿಲೇವಾರಿ ಮಾಡುವಂತಿಲ್ಲ ಎಂಬ ನಿಯಮ ಬಹುಕಾಲ ನಡೆದುಬಂದಿದೆ. ಇದನ್ನು 48 ಗಂಟೆಗೆ ಇಳಿಸುವ ಪ್ರಸ್ತಾವವನ್ನು ಬ್ರಿಟಿಷ್ ಸರ್ಕಾರ 2025ರಲ್ಲಿ ಮುಂದಿಟ್ಟಿತು. ಹಾಗಾಗಿ ನಿಮ್ಮ ನೋಟಿಸಿನಲ್ಲಿ ಬರೆದ ದಿನಾಂಕವನ್ನೇ ನಂಬಿ. ಅವಧಿ ಮುಗಿದ ಮೇಲೆ ಇಂಧನ, ಎಣ್ಣೆ ಬಸಿದು, ಬ್ಯಾಟರಿ ಕಳಚಿ, ಉಳಿದ ಲೋಹವನ್ನು ಒತ್ತುಯಂತ್ರಕ್ಕೆ ಕೊಡುತ್ತಾರೆ. ಕೆಲವನ್ನು ಹರಾಜು ಹಾಕುವುದೂ ಉಂಟು. ಹಾಗೆ ಮಾರಿದ್ದರೆ, ಒಂದು ವರ್ಷದೊಳಗೆ ಮಾಲೀಕರು ಅರ್ಜಿ ಕೊಟ್ಟು, ಖರ್ಚು ಕಳೆದು ಉಳಿದ ಹಣವನ್ನು ಕೇಳಬಹುದು.

ಸೆಕ್ಷನ್ 59ರಡಿ ಸಾಮಾನ್ಯವಾಗಿ ಮೊದಲು ಎಚ್ಚರಿಕೆ, ಆಮೇಲೆ ಜಪ್ತಿ ಎಂಬುದು ಬಹುಕಾಲ ನಡೆದುಬಂದ ನಿಯಮ. ಹಿಂದಿನ 12 ತಿಂಗಳಲ್ಲಿ ಅದೇ ವ್ಯಕ್ತಿಗೆ ಒಮ್ಮೆ ಎಚ್ಚರಿಕೆ ಕೊಟ್ಟಿದ್ದರೆ, ಅದು ಬೇರೆ ಬೈಕಿನ ವಿಷಯದಲ್ಲೇ ಆಗಿರಲಿ, ಮತ್ತೆ ಕೊಡಬೇಕಿಲ್ಲ. ಎಚ್ಚರಿಕೆಯ ಷರತ್ತನ್ನೇ ತೆಗೆದುಹಾಕುವ ಮಸೂದೆಯೂ 2025ರಲ್ಲಿ ಸಂಸತ್ತಿಗೆ ಬಂತು. ಮಗ ಮೊದಲೇ ಒಮ್ಮೆ ಎಚ್ಚರಿಕೆ ಪಡೆದು ಮನೆಯಲ್ಲಿ ಮುಚ್ಚಿಟ್ಟಿದ್ದಾನೆಯೇ ಎಂದು ಗದರಿಸದೆ ಕೇಳಿ ತಿಳಿದುಕೊಳ್ಳಿ.

ಬೈಕಿಗಿಂತ ನನಗೆ ಹೆಚ್ಚು ಚಿಂತೆಯಾಗಿರುವುದು ನಿಮ್ಮದೇ ವಿಷಯ. ವಿಮೆಯಿಲ್ಲದೆ ಓಡಿಸುವುದಷ್ಟೇ ಅಲ್ಲ, ಓಡಿಸಲು ಬಿಡುವುದೂ ಅಪರಾಧ. ಆರರಿಂದ ಎಂಟು ಪೆನಾಲ್ಟಿ ಪಾಯಿಂಟ್, ಅಂದರೆ ಸಂಚಾರ ಅಪರಾಧಕ್ಕೆ ದಾಖಲಾಗುವ ದಂಡದ ಅಂಕ, ನಿಮ್ಮ ಲೈಸೆನ್ಸ್ ಮೇಲೆ ಬೀಳಬಹುದು. ಮಗನಿಗೆ ಇನ್ನೂ ಲೈಸೆನ್ಸ್ ಇಲ್ಲದಿದ್ದರೂ ಅವನ ಹೆಸರಿನಲ್ಲಿ ಪಾಯಿಂಟ್ ದಾಖಲಾಗಿ, ಮುಂದೆ ಕಾರು ಕಲಿಯುವಾಗ ವಿಮೆಯ ಕಂತಿನಲ್ಲಿ ಅದರ ಬಿಸಿ ತಟ್ಟುತ್ತದೆ. ಪೊಲೀಸರು ವಿಚಾರಣೆಗೆ ಕರೆದರೆ ವಕೀಲರಿಲ್ಲದೆ ಹೋಗಬೇಡಿ. ಠಾಣೆಯಲ್ಲಿ ಉಚಿತ ಕಾನೂನು ಸಲಹೆ ಪಡೆಯುವ ಹಕ್ಕು ನಿಮಗಿದೆ.

ಅಂಗಡಿಯವರ ಮಾತಿನ ಬಗ್ಗೆ: ಲೈಸೆನ್ಸ್ ಬೇಡದ ಎಲೆಕ್ಟ್ರಿಕ್ ಸೈಕಲ್ ಎಂದರೆ ಪೆಡಲ್ ಇರಬೇಕು, ಮೋಟಾರಿನ ನಿರಂತರ ಶಕ್ತಿ 250 ವ್ಯಾಟ್ ದಾಟಬಾರದು, ಗಂಟೆಗೆ 15.5 ಮೈಲಿ ವೇಗಕ್ಕೆ ಮೋಟಾರಿನ ನೆರವು ನಿಲ್ಲಬೇಕು, ಓಡಿಸುವವರಿಗೆ 14 ತುಂಬಿರಬೇಕು. ನಿಮ್ಮದು ಈ ಮಿತಿ ಮೀರಿದ್ದರೆ ಕಾನೂನಿನ ಕಣ್ಣಿಗೆ ಅದು ಮೋಟಾರ್‌ಸೈಕಲ್. ಸುಳ್ಳು ವಿವರಣೆ ಕೊಟ್ಟು ಮಾರಿದ ವ್ಯಾಪಾರಿಯಿಂದ 2015ರ ಗ್ರಾಹಕ ಹಕ್ಕು ಕಾಯ್ದೆಯಡಿ ಹಣ ವಾಪಸ್ ಕೇಳಿ. ಆ ಜಾಹೀರಾತಿನ ಪುಟದ ಚಿತ್ರವನ್ನು ಅಳಿಸಿಹೋಗುವ ಮೊದಲೇ ಮೊಬೈಲ್‌ನಲ್ಲಿ ಉಳಿಸಿಕೊಳ್ಳಿ.

ಬಿಡಿಸಿಕೊಳ್ಳಬೇಕೇ? ಖಾಸಗಿ ಜಾಗದಲ್ಲಿ, ಮಾಲೀಕರ ಅನುಮತಿಯೊಂದಿಗೆ ಅಥವಾ ಮೋಟೊಕ್ರಾಸ್ ಕ್ಲಬ್ಬಿನಲ್ಲಿ ಓಡಿಸುವ ಏರ್ಪಾಡು ನಿಜವಾಗಿಯೂ ಇದ್ದರೆ ಬಿಡಿಸಿಕೊಳ್ಳಿ. ಇಲ್ಲವಾದರೆ ಬಿಟ್ಟುಬಿಡಿ ಎಂದೇ ನನ್ನ ಸಲಹೆ. ಗ್ಯಾರೇಜಿನಲ್ಲಿ ನಿಂತ ಬೈಕು ಹದಿನೈದರ ಹುಡುಗನನ್ನು ಮತ್ತೆ ಅದೇ ಪಾರ್ಕಿಗೆ ಕರೆಯುತ್ತದೆ, ಅಲ್ಲಿ ಪುಟ್ಟ ಮಕ್ಕಳು ಆಡುತ್ತಿರುತ್ತಾರೆ.

ಪ್ರಶ್ನೆ: ನಮ್ಮದು ಉತ್ತರ ಇಂಗ್ಲೆಂಡಿನ ಬೆಟ್ಟಗಾಡಿನ ಅಂಚಿನಲ್ಲಿರುವ ಹಳ್ಳಿ. ವಾರಾಂತ್ಯ ಬಂತೆಂದರೆ ಮುಖ ಮುಚ್ಚಿದ ಹುಡುಗರು ಬೈಕುಗಳಲ್ಲಿ ಹುಲ್ಲುಗಾಡನ್ನು ಉತ್ತು ಹಾಕುತ್ತಾರೆ. ಪೊಲೀಸರು ಬಂದರೂ ಅಟ್ಟಿಸಿಕೊಂಡು ಹೋಗುವುದಿಲ್ಲ. ದೂರು ಕೊಟ್ಟು ಪ್ರಯೋಜನವೇನು?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಕೊಳೆತ ಸಸ್ಯಗಳಿಂದ ಶತಮಾನಗಳಲ್ಲಿ ಕೂಡಿಕೊಂಡ ಪೀಟ್ ಮಣ್ಣು ಒಂದು ಮಧ್ಯಾಹ್ನದಲ್ಲಿ ಕಿತ್ತುಹೋಗುತ್ತದೆ. ಕರ್ಲ್ಯೂನಂಥ ಹಕ್ಕಿಗಳು ವಸಂತದಲ್ಲಿ ನೆಲದ ಮೇಲೆಯೇ ಗೂಡು ಕಟ್ಟುತ್ತವೆ. ಮೊಟ್ಟೆಗಳು ಚಕ್ರದಡಿ ಸಿಕ್ಕರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಹೆಲ್ಮೆಟ್ ಇಲ್ಲದ ಹುಡುಗನನ್ನು ಕಾಲುದಾರಿಯಲ್ಲಿ ಬೆನ್ನಟ್ಟಿದರೆ ಅವನೋ ದಾರಿಹೋಕರೋ ಸಾಯಬಹುದು. ಪೊಲೀಸರ ಹಿಂಜರಿಕೆಗೆ ಅದು ಕಾರಣ.

ಹಿಡಿಯುವುದು ಬೆಟ್ಟದಲ್ಲಿ ಅಲ್ಲ, ಬೈಕು ನಿಲ್ಲುವ ಜಾಗದಲ್ಲಿ. ಸೆಕ್ಷನ್ 59ರಡಿ ಸಮವಸ್ತ್ರದಲ್ಲಿರುವ ಪೊಲೀಸರು ಇಂಥ ವಾಹನವನ್ನು ಹುಡುಕಿ ವಾರಂಟ್ ಇಲ್ಲದೆಯೇ ಆವರಣದೊಳಗೆ ಹೋಗಬಹುದು. ವಾಸದ ಮನೆಯೊಳಗೆ ಹಾಗೆ ಹೋಗುವಂತಿಲ್ಲ. ಆದರೆ ಗ್ಯಾರೇಜು, ಹಿತ್ತಲ ಶೆಡ್ಡು, ಅಂಗಳ ಈ ಕಾಯ್ದೆಯ ಪ್ರಕಾರ ವಾಸದ ಮನೆಯಲ್ಲ. ಆದ್ದರಿಂದ ದೂರು ಕೊಡುವಾಗ ಸದ್ದಿನ ವಿವರಕ್ಕಿಂತ, ಬೈಕು ಯಾವ ಶೆಡ್ಡಿನಿಂದ ಹೊರಡುತ್ತದೆ, ಯಾವ ವ್ಯಾನಿನಲ್ಲಿ ಬರುತ್ತದೆ, ಯಾವ ಬಂಕಿನಲ್ಲಿ ಪೆಟ್ರೋಲ್ ತುಂಬುತ್ತಾರೆ, ಯಾವ ಹೊತ್ತಿಗೆ, ಯಾವ ಬಣ್ಣ ಎಂದು ತಿಳಿಸಿ. ತುರ್ತಲ್ಲದ್ದಕ್ಕೆ 101, ಜೀವಕ್ಕೆ ಅಪಾಯ ಎನಿಸಿದರೆ 999. ನೆರೆಯವರ ಭಯವಿದ್ದರೆ ಕ್ರೈಮ್‌ಸ್ಟಾಪರ್ಸ್ ಸಂಸ್ಥೆಗೆ ಹೆಸರು ಹೇಳದೆಯೇ ಮಾಹಿತಿ ಕೊಡಬಹುದು. ನೀವಾಗಿಯೇ ಅಡ್ಡ ನಿಲ್ಲಬೇಡಿ, ದಾರಿಗೆ ತಂತಿ ಕಟ್ಟಬೇಡಿ. ಅದರಿಂದ ಒಬ್ಬರ ಪ್ರಾಣ ಹೋದೀತು, ಆಗ ಜೈಲಿಗೆ ಹೋಗುವವರು ನೀವು.

ಪ್ರಶ್ನೆ: ನನ್ನ ಬೈಕಿಗೆ ನೋಂದಣಿ, ವಿಮೆ ಎಲ್ಲವೂ ಇದೆ. ಹಳ್ಳಿಗಾಡಿನ ಮಣ್ಣುದಾರಿಯಲ್ಲಿ ಓಡಿಸಿದರೂ ಜಪ್ತಿ ಮಾಡುತ್ತಾರೆಯೇ?

ಉತ್ತರ: ದಾರಿ ಯಾವುದು ಎಂಬುದರ ಮೇಲೆ ಹೋಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಂಬದ ಮೇಲಿನ ಬಾಣದ ಗುರುತು ನೋಡಿ. ಹಳದಿ ಕಾಲುದಾರಿ, ನೀಲಿ ಕುದುರೆದಾರಿ, ನೇರಳೆ ನಿರ್ಬಂಧಿತ ದಾರಿ. ಮೂರರಲ್ಲೂ ಮೋಟಾರಿಗೆ ಪ್ರವೇಶವಿಲ್ಲ. ಕೆಂಪು ಬಾಣವಿದ್ದರೆ ಎಲ್ಲ ವಾಹನಗಳಿಗೂ ತೆರೆದ ದಾರಿ. ಆದರೂ ಕೌನ್ಸಿಲ್ (ಸ್ಥಳೀಯ ಆಡಳಿತ) ಅದನ್ನು ಋತುವಿಗೆ ತಕ್ಕಂತೆ ಮುಚ್ಚಿರಬಹುದು. ಹೊರಡುವ ಮೊದಲು ಅವರ ಜಾಲತಾಣ ನೋಡಿ. ಕೆಂಪು ಬಾಣದ ದಾರಿಯಲ್ಲಿಯೂ ಬೇಕಾಬಿಟ್ಟಿ ಓಡಿಸಿ ಜನರನ್ನು ಹೆದರಿಸಿದರೆ ಸೆಕ್ಷನ್ 59 ಅನ್ವಯಿಸುತ್ತದೆ. ಸ್ಕಾಟ್ಲೆಂಡಿಗೆ ಹೋಗುವುದಾದರೆ ಅಲ್ಲಿನ ಜಪ್ತಿ ನಿಯಮ 2004ರ ಬೇರೆ ಕಾಯ್ದೆಯದು.