ಹೈಡ್ರಿನೋ: ಇಬ್ಬರು ಹೇಳುವುದೂ ಒಂದೇನಾ?

ಸಿಂಧನೂರಿನ ಗೆಳೆಯರೇ, ಮಿಲ್ಸ್ ಮತ್ತು ನೌಡ್ಟ್ಸ್ ಹೇಳುವ ಹೈಡ್ರಿನೋ, ಅಂದರೆ ಎಲೆಕ್ಟ್ರಾನ್ ಮಾಮೂಲಿಗಿಂತ ನ್ಯೂಕ್ಲಿಯಸ್ಸಿಗೆ ಹತ್ತಿರ ಇಳಿದ 'ಕುಗ್ಗಿದ ಹೈಡ್ರೋಜನ್', ಒಂದೇನಾ ಎಂದು ಕೇಳಿದ್ದೀರಿ. ಅಲ್ಲ, ಎರಡೂ ಬೇರೆ ಬೇರೆ.

ಹೈಡ್ರೋಜನ್ನಿನ ತಳಮಟ್ಟ, ಅಂದರೆ ಅದರ ಎಲೆಕ್ಟ್ರಾನಿನ ಅತಿ ಕಡಿಮೆ ಶಕ್ತಿ, ಮೈನಸ್ 13.6 ಎಲೆಕ್ಟ್ರಾನ್ ವೋಲ್ಟ್. ಅದರ ಕೆಳಗೂ, ಪರಮಾಣುವಿನ ಗಾತ್ರ 1/2, 1/3 ಎಂದು 1/137ರವರೆಗೆ ಕುಗ್ಗುವ ಮೆಟ್ಟಿಲುಗಳಿವೆ ಎನ್ನುವುದು ಅಮೆರಿಕದ ರಾಂಡೆಲ್ ಮಿಲ್ಸ್ ವಾದ. 1991ರಿಂದ ಹೇಳುತ್ತಿದ್ದಾರೆ. ಮಾಮೂಲಿ ಕ್ವಾಂಟಂ ಸಿದ್ಧಾಂತವನ್ನೇ ಅವರು ಒಪ್ಪುವುದಿಲ್ಲ.

ಬೆಲ್ಜಿಯಂನ ಭೌತಶಾಸ್ತ್ರಜ್ಞ ಯಾನ್ ನೌಡ್ಟ್ಸ್ 2005ರಲ್ಲಿ ಹಿಡಿದದ್ದು ಬೇರೆ ದಾರಿ. ಅವರು ಕ್ವಾಂಟಂ ಬಿಡಲಿಲ್ಲ. ಸಾಪೇಕ್ಷತೆ ಸೇರಿಸಿದ ಸಮೀಕರಣಕ್ಕೆ ಇನ್ನೊಂದು ಉತ್ತರವೂ ಬರುತ್ತದೆ. ನ್ಯೂಕ್ಲಿಯಸ್ಸಿನ ನಡುವಿನಲ್ಲಿ ಅದು ಅನಂತಕ್ಕೆ ಹೋಗುವುದರಿಂದ ಪಾಠದಲ್ಲಿ ನಾವು ಕೈಬಿಡುತ್ತೇವೆ. ಅದನ್ನು ಸುಮ್ನೆ ಬಿಡಬೇಡಿ ಎಂದರು ಅವರು. ಅಲ್ಲಿ ಮೆಟ್ಟಿಲ ಸಾಲಿಲ್ಲ. ಒಂದೇ ಮಟ್ಟ, ಆಳ ಸುಮಾರು 5 ಲಕ್ಷ ಎಲೆಕ್ಟ್ರಾನ್ ವೋಲ್ಟ್! ಅಂದರೆ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಆಸರೆಯಾಗುವುದಿಲ್ಲ.

ನೌಡ್ಟ್ಸ್ ಲೆಕ್ಕದ ಬಗ್ಗೆ ಭೌತಶಾಸ್ತ್ರಜ್ಞ ನಾರ್ಮನ್ ಡೊಂಬಿ 2006ರಲ್ಲಿ ಎತ್ತಿದ ತಕರಾರು ನನಗೆ ಬಲು ಗಟ್ಟಿ ಅನಿಸುತ್ತದೆ. ಪ್ರೋಟಾನಿನ ಸೆಳೆತ ಕಡಿಮೆಯಾದರೆ ಎಲೆಕ್ಟ್ರಾನ್ ಸಡಿಲವಾಗಬೇಕು, ಅಲ್ವಾ? ಈ ಉತ್ತರದಲ್ಲಿ ಸೆಳೆತ ಸೊನ್ನೆಗೆ ಇಳಿದರೂ ಬಿಗಿತ ಹೋಗುವುದಿಲ್ಲ. ಹಗ್ಗ ಬಿಚ್ಚಿದರೂ ಎತ್ತು ಗೂಟ ಬಿಡದ ಹಾಗೆ.

ರಾಯಚೂರಿನಲ್ಲಿ ಡಿಗ್ರಿ ಮಕ್ಕಳಿಗೆ ನಾನು ಹೈಡ್ರೋಜನ್ನಿನ 656 ನ್ಯಾನೊಮೀಟರ್ ಕೆಂಪು ಗೆರೆ ತೋರಿಸುತ್ತೇನೆ. ಮಾಮೂಲಿ ಕ್ವಾಂಟಂ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಈ ಕಡೆ ಬಂದಾಗ ಲ್ಯಾಬಿಗೆ ಬನ್ನಿ, ನೀವೇ ನೋಡಿ.