ಆಕ್ಸೆಂಟ್ ಕೇಳಿ ಓಟು ಹೇಳೋಕಾಗುತ್ತಾ? ಡಂಡಿಯಲ್ಲಿ ನಾನು ಕಂಡಿದ್ದು

ನೀವು ಕೇಳಿದ್ದು ಎರಡು. ಸ್ಕಾಟ್ಲೆಂಡ್‌ನಲ್ಲಿ ಒಬ್ಬರ ಮಾತಿನ ಧಾಟಿ ಕೇಳಿದರೆ ಅವರು ಬ್ರಿಟನ್ನಿನಿಂದ ಬೇರೆಯಾಗುವ ಸ್ವಾತಂತ್ರ್ಯದ ಪರವೋ ವಿರೋಧವೋ ಅಂತ ಗೊತ್ತಾಗುತ್ತಾ? ಸ್ಕಾಟಿಷ್ ಆಕ್ಸೆಂಟ್ ಇಲ್ಲದವರನ್ನು ಹೊರಗಿನವರ ಹಾಗೆ ನೋಡ್ತಾರಾ? ಮೊದಲನೆಯದಕ್ಕೆ ನನ್ನ ಉತ್ತರ ಖಂಡಿತ ಇಲ್ಲ. ಎರಡನೆಯದು ಕೆಲವೊಮ್ಮೆ ಆಗಿದೆ, ಆದರೆ ಮತ ಹಾಕುವ ಹಕ್ಕಿನಲ್ಲಿ ಆಗಲಿಲ್ಲ. ಅದನ್ನೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಾನು ಧಾರವಾಡದವಳು. 2003ರಲ್ಲಿ ಗಂಡನ ಕೆಲಸದ ಮೇಲೆ ಸ್ಕಾಟ್ಲೆಂಡಿನ ಡಂಡಿ ಅನ್ನೋ ಊರಿಗೆ ಬಂದೆವು. ಬಂದ ಹೊಸದರಲ್ಲಿ ಒಂದು ಬೇಕರಿಯಲ್ಲಿ ಸಾಲಿನಲ್ಲಿ ನಿಂತಿದ್ದೆ, ಮುಂದಿದ್ದ ಹೆಂಗಸು "ಟ್ವಾ ಪೆ" ಅಂದರು. ಏನು ಕೇಳಿದರಪ್ಪಾ ಅಂತ ನೋಡಿದರೆ ಎರಡು ಪೈ, ಅಂದರೆ ಒಳಗೆ ಹೂರಣ ತುಂಬಿ ಬೇಯಿಸಿದ ತಿಂಡಿ! ಡಂಡಿಯವರ ಬಾಯಲ್ಲಿ ಪೈ ಅನ್ನೋದು 'ಪೆ', ಫೈವ್ ಅನ್ನೋದು 'ಫೆವ್', ನಾನು ಅನ್ನೋ 'ಐ' ಕೂಡ ಬರೀ 'ಎ'. ಅಲ್ಲಿಂದ ನೂರು ಕಿಲೋಮೀಟರ್ ಉತ್ತರಕ್ಕೆ ಅಬರ್ಡೀನ್ ಕಡೆ ಹೋದರೆ 'ವಾಟ್' ಹೋಗಿ 'ಫಿಟ್' ಆಗುತ್ತದೆ, "ಫಿಟ್ ಲೈಕ್" ಅಂದರೆ ಹೇಗಿದ್ದೀರಿ ಅಂತ. ಅದಕ್ಕೆ ಡೋರಿಕ್ ಅಂತಾರೆ. ಗ್ಲಾಸ್ಗೋದ್ದು ಬೇರೆ, ಎಡಿನ್‌ಬರೋದ ಸಿರಿವಂತರ ಬಡಾವಣೆಗಳದ್ದು ಇನ್ನೂ ಬೇರೆ. ಧಾರವಾಡ, ಕುಂದಾಪುರ, ಮೈಸೂರಿನ ಮಾತು ಕೇಳಿ ಬೆಳೆದ ನಮಗೆ ಇದು ಬೇಗ ಅರ್ಥ ಆಗುತ್ತೆ ಅಲ್ವಾ?

ಈಗ ಓಟಿನ ವಿಷಯ. 2014ರ ಸೆಪ್ಟೆಂಬರ್ 18ರಂದು ರೆಫರೆಂಡಮ್, ಅಂದರೆ ಜನಮತಗಣನೆ ನಡೆಯಿತು. ಚೀಟಿಯಲ್ಲಿ ಇದ್ದದ್ದು ಒಂದೇ ಪ್ರಶ್ನೆ, ಸ್ಕಾಟ್ಲೆಂಡ್ ಸ್ವತಂತ್ರ ದೇಶ ಆಗಬೇಕೇ ಅಂತ. ಶೇ. 84.6 ಜನ ಬಂದು ಓಟು ಹಾಕಿದರು. ನೋ ಅಂದವರು ಶೇ. 55.3, ಯೆಸ್ ಅಂದವರು ಶೇ. 44.7. ಒಟ್ಟು 32 ಕೌನ್ಸಿಲ್‌ಗಳಲ್ಲಿ (ಸ್ಥಳೀಯ ಆಡಳಿತದ ಪ್ರದೇಶಗಳಲ್ಲಿ) ಯೆಸ್ ಗೆದ್ದದ್ದು ನಾಲ್ಕರಲ್ಲಿ ಮಾತ್ರ: ಡಂಡಿ, ಗ್ಲಾಸ್ಗೋ, ವೆಸ್ಟ್ ಡನ್‌ಬಾರ್ಟನ್‌ಶೈರ್, ನಾರ್ತ್ ಲನಾರ್ಕ್‌ಶೈರ್. ನಮ್ಮ ಡಂಡಿಯದ್ದೇ ಎಲ್ಲಕ್ಕಿಂತ ಜಾಸ್ತಿ, ಶೇ. 57.

ಇಷ್ಟು ನೋಡಿದರೆ, ಹಳೇ ಧಾಟಿ ಗಟ್ಟಿಯಾಗಿರುವ ಊರುಗಳೇ ಯೆಸ್ ಅಂದವು ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಡೋರಿಕ್ ಮಾತಾಡುವ ಅಬರ್ಡೀನ್‌ಶೈರ್‌ನಲ್ಲಿ ಶೇ. 60 ಜನ ನೋ ಅಂದರು. ಗೇಲಿಕ್ ಇವತ್ತಿಗೂ ಮನೆಮಾತಾಗಿ ಉಳಿದಿರುವ ಪಶ್ಚಿಮದ ದ್ವೀಪಗಳಲ್ಲೂ ನೋ ಗೆದ್ದಿತು, ಶೇ. 53. ಇಂಗ್ಲಿಷಿಗಿಂತ ಪೂರ್ತಿ ಬೇರೆ ಭಾಷೆಯೇ ಇರುವ ಜಾಗ ಅದು! ಯೆಸ್ ಗೆದ್ದ ನಾಲ್ಕೂ ಜಾಗಗಳಲ್ಲಿ ಹಡಗುಕಟ್ಟೆ, ಕಾರ್ಖಾನೆ, ಗಿರಣಿ ಮುಚ್ಚಿ ಕೆಲಸ ಕಳೆದುಕೊಂಡ ಕುಟುಂಬಗಳು ಜಾಸ್ತಿ. ಡಂಡಿ ಒಂದು ಕಾಲಕ್ಕೆ ಬಂಗಾಳದ ಸೆಣಬು ತರಿಸಿ ನೇಯುತ್ತಿದ್ದ ಊರು, ಆ ಗಿರಣಿಗಳಲ್ಲಿ ಕೆಲವು ಈಗ ಫ್ಲ್ಯಾಟ್‌ಗಳಾಗಿವೆ. ಲಂಡನ್ನಿನಿಂದ ತಮಗೇನೂ ಸಿಗಲಿಲ್ಲ ಅನ್ನೋ ನೋವು ಇಲ್ಲಿ ಮೊದಲಿಂದ ಇತ್ತು. ಧಾಟಿಗಿಂತ ಈ ನೋವು ದೊಡ್ಡದು ಅಂತ ನಾನು ನಂಬುತ್ತೇನೆ.

ನಾಯಕರನ್ನೇ ನೋಡಿ. ಯೆಸ್ ಕಡೆ ಆಗಿನ ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥ ಅಲೆಕ್ಸ್ ಸಾಲ್ಮಂಡ್, ನೋ ಕಡೆ ಕೊನೆಯ ದಿನಗಳಲ್ಲಿ ಗುಡುಗಿದ ಬ್ರಿಟನ್ನಿನ ಮಾಜಿ ಪ್ರಧಾನಿ ಗೋರ್ಡನ್ ಬ್ರೌನ್. ಇಬ್ಬರೂ ಬಾಯಿ ತೆರೆದರೆ ಸಾಕು, ಸ್ಕಾಟ್ಲೆಂಡಿನವರು ಅಂತ ಯಾರಿಗಾದರೂ ತಿಳಿಯುತ್ತಿತ್ತು.

ನಮ್ಮ ಪಕ್ಕದ ಮನೆಯ ಅಜ್ಜಿ ಅಪ್ಪಟ ಡಂಡಿಯವರು, ನೋ ಅಂದರು. ಪಿಂಚಣಿ ಯಾವ ದುಡ್ಡಿನಲ್ಲಿ ಬರುತ್ತದೋ, ಪೌಂಡ್ ಉಳಿಯುತ್ತದೋ ಇಲ್ಲವೋ ಅನ್ನೋದೇ ಅವರ ಚಿಂತೆ. ಆ ಚಿಂತೆ ಸಣ್ಣದಲ್ಲ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಗೆಳತಿ ಯೆಸ್ ಪರ ಮನೆಮನೆಗೆ ಹೋಗಿ ಪ್ರಚಾರದ ಚೀಟಿ ಹಂಚಿದಳು. ಅವಳ ಇಂಗ್ಲಿಷ್ ಧಾಟಿ ಕೇಳಿ ಒಂದು ಬಾಗಿಲಲ್ಲಿ ಒಬ್ಬರು "ಇದು ನಿನಗೆ ಸಂಬಂಧಿಸಿದ್ದಲ್ಲ" ಅಂದುಬಿಟ್ಟರಂತೆ. ಇಪ್ಪತ್ತು ವರ್ಷದಿಂದ ಅದೇ ಬೀದಿಯಲ್ಲಿದ್ದವಳು. ಮಾರನೇ ದಿನ ಊಟದ ಹೊತ್ತಿನಲ್ಲಿ ಅದನ್ನು ಹೇಳುತ್ತಾ ಅತ್ತಳು. ನನಗೆ ಇವತ್ತಿಗೂ ಆ ಮಾತಿನ ಬಗ್ಗೆ ಸಿಟ್ಟಿದೆ. ಬೆಂಗಳೂರಿನ ಕಾಲೇಜಿನಲ್ಲಿ ನಾನು "ಹೌದ್ರೀ" ಅಂದಾಗಲೆಲ್ಲ ನಗುತ್ತಿದ್ದರು, ಆ ಮುಜುಗರ ನನಗೆ ಗೊತ್ತು.

ಆದರೆ ಕಾನೂನು ಅವಳನ್ನು ಹಾಗೆ ಕೇಳಲಿಲ್ಲ. ಯಾರ ಅಪ್ಪ ಎಲ್ಲಿಯವರು, ಯಾರ ಮಾತು ಹೇಗಿದೆ ಅಂತ ನೋಡದೆ, ಸ್ಕಾಟ್ಲೆಂಡಿನಲ್ಲಿ ವಾಸವಾಗಿದ್ದೀರಾ, ಯಾವ ದೇಶದ ಪೌರರು ಅಂತ ನೋಡಿತು. ಯುರೋಪಿಯನ್ ಒಕ್ಕೂಟದವರು ಹಾಕಬಹುದಿತ್ತು. ಇಲ್ಲಿರಲು ಅನುಮತಿ ಇದ್ದ ಕಾಮನ್‌ವೆಲ್ತ್ ದೇಶದವರೂ ಹಾಕಬಹುದಿತ್ತು, ಹಾಗಾಗಿ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡ ನನಗೂ ಓಟು ಇತ್ತು. 16 ತುಂಬಿದವರಿಗೂ ಕೊಟ್ಟಿದ್ದರು. ಆದರೆ ಯೆಸ್ ಪರ ಇದ್ದ ಜೇಮ್ಸ್ ಬಾಂಡ್ ಸಿನಿಮಾಗಳ ನಟ ಶಾನ್ ಕಾನರಿಗೆ ಓಟು ಇರಲಿಲ್ಲ. ಜಗತ್ತೇ ಗುರುತು ಹಿಡಿಯುವ ಸ್ಕಾಟಿಷ್ ಧಾಟಿ ಅವರದು, ಮನೆ ಮಾತ್ರ ಬಹಾಮಾಸ್‌ನಲ್ಲಿತ್ತು.

ನಮ್ಮ ಮಗನಿಗೆ ಆಗ 16. ಐದನೇ ವಯಸ್ಸಿಗೆ ಬಂದವನು, ಶಾಲೆಯಲ್ಲಿ ಪಕ್ಕಾ ಡಂಡಿ ಮಾತು, ಮನೆಯಲ್ಲಿ ಪಕ್ಕಾ ಧಾರವಾಡ. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಹೋದೆವು. ಪೆನ್ಸಿಲಿನಲ್ಲಿ ಗುರುತು ಹಾಕುವಾಗ ನನ್ನ ಕೈ ಸ್ವಲ್ಪ ನಡುಗಿತು, ಇವರ ದೇಶದ ಇಷ್ಟು ದೊಡ್ಡ ಮಾತಿಗೆ ನನ್ನನ್ನೂ ಕೇಳಿದ್ದಾರಲ್ಲ ಅಂತ. ನಾನು ಯೆಸ್ ಅಂದೆ. ಇಲ್ಲಿನ ನಿರ್ಧಾರ ಇಲ್ಲಿರುವವರೇ ಮಾಡಲಿ ಅನ್ನೋದು ನನ್ನ ಲೆಕ್ಕ. ಹೊರಗೆ ಬಂದ ಮೇಲೆ ಅವನು, "ಅವ್ವಾ, ನಾ ನೋ ಅಂತ ಹಾಕೇನಿ" ಅಂದ. ಗಡಿ ಒಂದು ಜಾಸ್ತಿ ಆದರೆ ಮುಂದೆ ಕೆಲಸ ಹುಡುಕೋದು ಕಷ್ಟ ಅಂತ ಅವನ ಯೋಚನೆ. ಮನೆ ತಲುಪುವ ತನಕ ಇಬ್ಬರೂ ವಾದ ಮಾಡಿದೆವು, ಪೂರ್ತಿ ಕನ್ನಡದಲ್ಲಿ.

ಈಗ ಅವನು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕೆಲಸದಲ್ಲಿದ್ದಾನೆ. ಫೋನ್ ಎತ್ತಿದರೆ ಈಗಲೂ ಅದೇ 'ಫೆವ್', ಅದೇ 'ಪೆ'. ಅದೇ ನಿಯಮದಲ್ಲಿ ನಾಳೆ ಮತ್ತೆ ರೆಫರೆಂಡಮ್ ನಡೆದರೆ ಅವನಿಗೆ ಓಟಿಲ್ಲ, ನನಗಿದೆ.