ಮೊಗ್ಗಿಗೆ ಮೊದಲು ಬಾಯಾರಬೇಕು

ಸಕಲೇಶಪುರದ ಹತ್ತಿರದ ತೋಟವೊಂದರಿಂದ ಓದುಗರೊಬ್ಬರು ಬರೆದಿದ್ದಾರೆ: ‘ಚಳಿ ಮುಗಿದು ಹಗಲು ಉದ್ದವಾದಾಗ ಹೂ ಅರಳುತ್ತದೆ ಅಂತ ಮೊಮ್ಮಗಳ ಪಾಠದಲ್ಲಿದೆ. ನಮ್ಮ ಕಾಫಿ ಗಿಡ ಮಳೆ ಬೀಳುವ ತನಕ ಅಲ್ಲಾಡುವುದಿಲ್ಲ. ಪಾಠ ತಪ್ಪೋ, ಗಿಡ ತಪ್ಪೋ? ಹೋದ ವರ್ಷ ಸಣ್ಣ ಮಳೆ ಬಂದು ಮೊಗ್ಗೆಲ್ಲ ಅರ್ಧಕ್ಕೇ ನಿಂತವು. ಅದ್ಯಾಕೆ?’

ಅಮ್ಮಾ, ಎರಡೂ ತಪ್ಪಲ್ಲ. ಪಾಠ ಬೇರೆ ಸೀಮೆಯದ್ದು, ಅಷ್ಟೆ. ಲಂಡನ್ನಿನಲ್ಲಿ ಬೇಸಿಗೆಯ ಹಗಲು ಚಳಿಗಾಲದ ಹಗಲಿಗಿಂತ ಸುಮಾರು 9 ಗಂಟೆ ಜಾಸ್ತಿ. ಅಲ್ಲಿನ ಎಷ್ಟೋ ಗಿಡಗಳು ಅದನ್ನೇ ಲೆಕ್ಕ ಹಿಡಿಯುತ್ತವೆ. ಹಾಸನದಲ್ಲಿ ಆ ವ್ಯತ್ಯಾಸ ಒಂದೂವರೆ ಗಂಟೆ. ಸೇವಂತಿಗೆಗೆ ಅದೂ ಗೊತ್ತಾಗುತ್ತದೆ. ಆದರೆ ನಿಮ್ಮ ತೋಟದಲ್ಲಿ ಯಜಮಾನಿಕೆ ನೀರಿನದ್ದು.

ಮಳೆಗಾಲ ಕಳೆದ ಮೇಲೆ ಕಾಫಿಯ ಗೆಣ್ಣಿನಲ್ಲಿ ಮೊಗ್ಗು ಕಟ್ಟುತ್ತದೆ. ಅಕ್ಕಿಕಾಳಿನಷ್ಟಾಗಿ ಹಾಗೇ ನಿಂತುಬಿಡುತ್ತದೆ. ಆಮೇಲೆ ಎರಡು ಮೂರು ತಿಂಗಳು ಒಣ ಹವೆ. ಗಿಡ ಸುಮ್ನೆ ಬಳಲುತ್ತಿದೆ ಅಂತ ನಮಗೆ ಅನ್ನಿಸುತ್ತದೆ, ಅಲ್ವಾ? ಆದರೆ ಹಾಗೆ ಬಾಯಾರಿದ ಮೊಗ್ಗೇ ಮಳೆಗೆ ಸರಿಯಾಗಿ ಏಳುವುದು. ಕೊಲಂಬಿಯಾದಲ್ಲಿ ಹೆಚ್ಚುಕಡಿಮೆ ವರ್ಷವಿಡೀ ಮಳೆ. ಅಲ್ಲಿ ಹೂ ಕಂತುಕಂತಾಗಿ ಬರುತ್ತದೆ, ಹಣ್ಣು ಕೊಯ್ಲೂ ಮುಗಿಯುವುದೇ ಇಲ್ಲ.

ನಮ್ಮಲ್ಲಿ ಕಾಫಿಯನ್ನು ಅರಳಿಸುವ ಮಳೆಗೆ ಹೂಮಳೆ ಅಂತಾರೆ. ಅದು ನೂರು ಸೆಂಟ್ಸ್, ಅಂದರೆ ಒಂದು ಇಂಚು ಬಿದ್ದರೆ ಸಾಕು. ಮೊಗ್ಗು ನೀರು ಹೀರಿ ಬಿಳಿ ಮೇಣದಬತ್ತಿಯ ಹಾಗೆ ಉದ್ದವಾಗುತ್ತದೆ. ಕಾಫಿಯ ಎರಡು ಜಾತಿಗಳಲ್ಲಿ ರೊಬಸ್ಟಾ 7-8 ದಿನಕ್ಕೆ, ಅರೇಬಿಕಾ 9-10 ದಿನಕ್ಕೆ ಅರಳುತ್ತದೆ. ಆ ಬೆಳಿಗ್ಗೆ ಮೂಡಿಗೆರೆ ರಸ್ತೆಯಲ್ಲಿ ಬಸ್ಸಿನ ಕಿಟಕಿ ತೆಗೆದು ಕೂರಬೇಕು. ಯಾರೋ ಮಲ್ಲಿಗೆ ಬುಟ್ಟಿ ಇಟ್ಟುಕೊಂಡು ಹತ್ತಿದರು ಅಂತ ನಾನು ಒಮ್ಮೆ ತಿರುಗಿ ನೋಡಿದ್ದೂ ಇದೆ. ಮೂರನೇ ದಿನಕ್ಕೆ ಎಲ್ಲ ಕಂದು.

ಹೋದ ವರ್ಷ ನಿಮ್ಮಲ್ಲಿ ಆದದ್ದು ಇದೇ ಇರಬೇಕು. ಇಪ್ಪತ್ತು ಮೂವತ್ತು ಸೆಂಟ್ಸ್ ಮಳೆ ಮೊಗ್ಗನ್ನು ಎಬ್ಬಿಸುತ್ತದೆ, ಅರಳಿಸಲು ಸಾಲದು. ಎದ್ದದ್ದು ಮತ್ತೆ ಮಲಗುವುದೂ ಇಲ್ಲ, ಬಿಸಿಲಿಗೆ ಒಣಗುತ್ತದೆ. ಅದಕ್ಕೇ ಅನುಕೂಲ ಇದ್ದವರು ಸ್ಪ್ರಿಂಕ್ಲರ್ ಹಾಕಿ ಕೊರತೆ ತುಂಬಿಸುತ್ತಾರೆ. ರೊಬಸ್ಟಾದವರಿಗಂತೂ ತೋಟವೆಲ್ಲ ಒಟ್ಟಿಗೆ ಅರಳಲೇಬೇಕು. ಅದರ ಹೂ ತನ್ನದೇ ಗಿಡದ ಪರಾಗಕ್ಕೆ ಕಾಯಿ ಕಚ್ಚುವುದಿಲ್ಲ. ಗಾಳಿ, ಜೇನು ಪಕ್ಕದ ಗಿಡದಿಂದ ತರಬೇಕು. ಅರೇಬಿಕಾಕ್ಕೆ ಆ ಹಂಗಿಲ್ಲ.

ಹಾಗಾದರೆ ಕಾಫಿಗೆ ನೆರಳು ಕೊಡುವ ಹಾಲುವಾಣದ ಮರ ಮಳೆಗೆ ಕಾಯದೆ ಕೆಂಪಾಗುವುದು ಹೇಗೆ? ಅದು ಎಲೆ ಉದುರಿಸಿ ನೀರಿನ ಖರ್ಚು ಉಳಿಸಿಕೊಂಡಿರುತ್ತದೆ. ಬೋಳು ಕೊಂಬೆಯ ಹೂ ಹಕ್ಕಿಗಳಿಗೂ ದೂರದಿಂದ ಕಾಣುತ್ತದೆ. ಅರಸೀಕೆರೆ ಕಡೆಯ ಮುತ್ತುಗದ್ದೂ ಇದೇ ಉಪಾಯ. ಬೀಜ ಬಲಿತು ಉದುರುವ ಹೊತ್ತಿಗೆ ಮಳೆಗಾಲ ಹತ್ತಿರ ಬಂದಿರುತ್ತದೆ.

ಮೊಮ್ಮಗಳಿಗೆ ಒಂದು ಕೆಲಸ. ಮುಂದಿನ ಡಿಸೆಂಬರಿನಿಂದ ಒಂದು ಕಾಫಿ ಗಿಡದ ಬುಡ ಒಣಗದ ಹಾಗೆ ನೀರು ಹಾಕುತ್ತಿರಲಿ, ಪಕ್ಕದ್ದನ್ನು ಹಾಗೇ ಬಿಡಲಿ. ಹೂಮಳೆ ಬಂದ ಮೇಲೆ ಯಾವುದು ಹೇಗೆ ಅರಳಿತು ಅಂತ ಅವಳೇ ನಮಗೆ ಬರೆಯಲಿ. ನೀರಿನ ಗಿಡ ಯಾವುದು ಅಂತ ಮರೆಯದ ಹಾಗೆ ಒಂದು ದಾರ ಕಟ್ಟಿಡಿ.